ಕಂಬಳಿಯ ಬಿಸಿ ಎಲ್ಲಿಂದ ಬಂತು?



ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ನಮ್ಮ ಶಾಲೆಗಳಿಗೆ ದಸರೆಯಂತೆ, ಬೇಸಿಗೆಯಂತೆ ಉದ್ದನೆಯ ರಜೆ ಇಲ್ಲ. ಕ್ರಿಸ್‌ಮಸ್‌ಗೆ ಒಂದು ದಿನ, ಸಂಕ್ರಾಂತಿಗೆ ಒಂದು ದಿನ, ನಡುವೆ ಬರುವ ಭಾನುವಾರಗಳು, ಅಷ್ಟೇ. ಆದರೂ ಚಳಿಗಾಲದ ಒಂದು ದಿನದ ರಜೆಗೆ ಬೇಸಿಗೆಯ ಒಂದು ವಾರದ ರುಚಿ ಇರುತ್ತದೆ ಎಂದು ನನಗೆ ಅನಿಸುತ್ತದೆ. ಬೆಳಗಾದರೂ ಹೊದಿಕೆ ಬಿಟ್ಟು ಏಳಲು ಮನಸ್ಸಾಗುವುದಿಲ್ಲ. ಎದ್ದ ಮೇಲೆ ಬಚ್ಚಲ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಕೈ ಕಾಯಿಸಿಕೊಳ್ಳುವುದು, ಆಮೇಲೆ ಜಗಲಿಯ ಬಿಸಿಲಿಗೆ ಬೆನ್ನು ಕೊಟ್ಟು ಎಲ್ಲರೂ ಸೇರಿ ಅವರೆಕಾಯಿ ಸುಲಿಯುವುದು, ರಾತ್ರಿ ಅಜ್ಜಿಯ ಪಕ್ಕ ಒಂದೇ ಕೌದಿಯೊಳಗೆ ತೂರಿಕೊಳ್ಳುವುದು. ಇವಕ್ಕೆಲ್ಲ ಹಣ ಖರ್ಚು ಮಾಡಬೇಕಾಗಿಲ್ಲ.

ಈ ಸುಖಗಳೆಲ್ಲ ಬೆಚ್ಚಗಿರುವ ಸುಖಗಳು. ಈ ಬಿಸಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಈ ಸಲ ನೋಡೋಣ. ಇದರಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಒಂದು ವಿಷಯವೂ ಇದೆ. ಅದನ್ನು ನೀವು ಓದಿದರೆ ಸಾಲದು, ಮನೆಯ ದೊಡ್ಡವರಿಗೂ ಓದಿ ಹೇಳಬೇಕು.

ಕಂಬಳಿ ಬಿಸಿಯಾಗಿರುತ್ತದೆಯೇ?

ಶಾಲೆಗಳಿಗೆ ಭೇಟಿ ಕೊಟ್ಟಾಗ ಆರು, ಏಳನೆಯ ತರಗತಿಗಳಲ್ಲಿ ನಾನು ಈ ಪ್ರಶ್ನೆ ಕೇಳುವುದುಂಟು: "ಕಂಬಳಿ ಹೊದ್ದರೆ ಬೆಚ್ಚಗಾಗುತ್ತದೆ. ಆ ಬಿಸಿ ಯಾವುದರದು?" ತರಗತಿಯ ಮುಕ್ಕಾಲು ಪಾಲು ಮಕ್ಕಳು "ಕಂಬಳಿದು ಸಾರ್" ಎನ್ನುತ್ತಾರೆ. ಹಿಂದಿನ ಸಾಲಿನಲ್ಲಿ ಒಬ್ಬರಾದರೂ "ನಂದೇ ಸಾರ್" ಎಂದು ಮೆಲ್ಲಗೆ ಹೇಳುತ್ತಾರೆ. ಯಾರು ಸರಿ ಎಂದು ನಾನು ಹೇಳುವುದಿಲ್ಲ, ಥರ್ಮಾಮೀಟರ್ ಹೇಳಲಿ.

ಮಾಡಿ ನೋಡಿ: ಶಾಲೆಯ ವಿಜ್ಞಾನ ಕಿಟ್‌ನಲ್ಲಿರುವ ಪ್ರಯೋಗಾಲಯದ ಥರ್ಮಾಮೀಟರನ್ನು ತೆಗೆದುಕೊಳ್ಳಿ. (ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬರುವುದಿಲ್ಲ. ಅದರ ಅಳತೆ ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಿಂದ ಶುರುವಾಗುತ್ತದೆ.) ಅದನ್ನು ಕೋಣೆಯಲ್ಲಿ ಅರ್ಧ ಗಂಟೆ ಇಟ್ಟು ಉಷ್ಣತೆಯನ್ನು ಬರೆದುಕೊಳ್ಳಿ. ನಂತರ, ಬೆಳಗಿನಿಂದ ಯಾರೂ ಹೊದೆಯದ, ಬಿಸಿಲಿಗೂ ಹಾಕದ ಕಂಬಳಿಯ ಮಡಿಕೆಯೊಳಗೆ ಅರ್ಧ ಗಂಟೆ ಇಡಿ. ಎರಡೂ ಅಳತೆಗಳು ಹೆಚ್ಚು ಕಡಿಮೆ ಒಂದೇ ಬರುತ್ತವೆ. ಈಗ ಅದೇ ಕಂಬಳಿಯನ್ನು ಹೊದ್ದುಕೊಂಡು, ಥರ್ಮಾಮೀಟರನ್ನು ಒಳಗೆ ಹಿಡಿದು ಹತ್ತು ನಿಮಿಷ ಕುಳಿತುಕೊಳ್ಳಿ. ನಳಿಗೆಯ ದ್ರವ ಮೇಲೇರುತ್ತದೆ.

ಇನ್ನೂ ಸಂಶಯವಿದ್ದರೆ ಒಂದೇ ಗಾತ್ರದ ಎರಡು ಮಂಜುಗಡ್ಡೆ ತನ್ನಿ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಒಂದನ್ನು ತಟ್ಟೆಯ ಮೇಲಿಡಿ, ಇನ್ನೊಂದನ್ನು ಕಂಬಳಿಯಲ್ಲಿ ಸುತ್ತಿಡಿ. ಯಾವುದು ಬೇಗ ಕರಗುತ್ತದೆ? ಕಂಬಳಿಯಲ್ಲಿರುವುದು ಎಂದು ಪಂದ್ಯ ಕಟ್ಟಿದವರು ಸೋಲುತ್ತಾರೆ. ಕಂಬಳಿಗೆ ತನ್ನದೇ ಆದ ಬಿಸಿ ಇಲ್ಲ. ಒಳಗಿನ ಬಿಸಿ ಹೊರಗೆ ಹೋಗದಂತೆ, ಹೊರಗಿನ ಬಿಸಿ ಒಳಗೆ ಬರದಂತೆ ತಡೆಯುವುದಷ್ಟೇ ಅದರ ಕೆಲಸ. ಹಿಂದೆ ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹುಗಿದು ದೂರದೂರಿಗೆ ಸಾಗಿಸುತ್ತಿದ್ದುದೂ ಇದೇ ಕಾರಣಕ್ಕೆ.

ಹಾಗಾದರೆ ಬಿಸಿ ನಿಮ್ಮದೇ. ನಮ್ಮ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ನಾವು ಉಂಡ ಆಹಾರ ಜೀವಕೋಶಗಳಲ್ಲಿ ಉಸಿರಾಟದ ಆಮ್ಲಜನಕದೊಡನೆ ಸೇರಿ ಶಕ್ತಿ ಬಿಡುಗಡೆಯಾಗುತ್ತಲೇ ಇರುತ್ತದೆ. ಸುಮ್ಮನೆ ಕುಳಿತಿರುವ ದೊಡ್ಡವರ ದೇಹ ಸುಮಾರು 100 ವಾಟ್‌ನಷ್ಟು ಉಷ್ಣವನ್ನು ಹೊರಹಾಕುತ್ತದೆ. ಹಳೆಯ ಕಾಲದ ತಂತಿ ಬಲ್ಬೊಂದನ್ನು ನೆನಪಿಸಿಕೊಳ್ಳಿ, ಅಷ್ಟು. ಮಕ್ಕಳದ್ದು ಇದಕ್ಕಿಂತ ಸ್ವಲ್ಪ ಕಡಿಮೆ. ನಿಮ್ಮ ತರಗತಿಯ ಬಾಗಿಲು ಹಾಕಿದ ಕೋಣೆ ಬೆಳಗಿನ ಎರಡನೆಯ ಪಿರಿಯಡ್ ಹೊತ್ತಿಗೆ ಬೆಚ್ಚಗಾಗುವುದರಲ್ಲಿ ನಿಮ್ಮೆಲ್ಲರ ಪಾಲೂ ಇದೆ.

ಕಟ್ಟಿಹಾಕಿದ ಗಾಳಿ

ಕಂಬಳಿ ಬಿಸಿಯನ್ನು ಹೇಗೆ ತಡೆಯುತ್ತದೆ? ಇಲ್ಲಿ ನಿಜವಾದ ಕೆಲಸಗಾರ ಗಾಳಿ. ಗಾಳಿ ಉಷ್ಣದ ಬಹಳ ದುರ್ಬಲ ವಾಹಕ. ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಚೆನ್ನಾಗಿ ಉಷ್ಣವನ್ನು ಸಾಗಿಸುತ್ತದೆ. ಆದರೆ ಗಾಳಿಗೆ ಒಂದು ದೋಷವಿದೆ. ಅದು ಒಂದು ಕಡೆ ನಿಲ್ಲುವುದಿಲ್ಲ. ಬಿಸಿಯಾದ ಗಾಳಿ ಮೇಲಕ್ಕೇರಿ ಹೋಗುತ್ತದೆ, ತಣ್ಣನೆಯದು ಆ ಜಾಗಕ್ಕೆ ನುಗ್ಗುತ್ತದೆ. ಇದನ್ನು ಉಷ್ಣ ಸಂವಹನ ಎಂದು ನೀವು ಓದಿದ್ದೀರಿ. ಗಾಳಿಯನ್ನು ಅಲುಗಾಡದಂತೆ ಕಟ್ಟಿಹಾಕಿದರೆ ಅದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ.

ಕುರಿಯ ಉಣ್ಣೆಯ ಎಳೆಯನ್ನು ಭೂತಗನ್ನಡಿಯಲ್ಲಿ ನೋಡಿ. ಹತ್ತಿಯ ನೂಲಿನಂತೆ ನೆಟ್ಟಗೆ ಮಲಗದೆ ಸುರುಳಿ ಸುರುಳಿಯಾಗಿರುತ್ತದೆ. ಆ ಸುರುಳಿಗಳ ನಡುವೆ ಸಾವಿರಾರು ಪುಟ್ಟ ಗಾಳಿಕೋಣೆಗಳು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಂಬಳಿಗೆ ಹೆಸರಾದ ಊರು. ದಖ್ಖನಿ ಕುರಿಯ ಒರಟು ಉಣ್ಣೆಯನ್ನು ನೂತು, ಹಾಸು ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಬಿಗಿಮಾಡಿ ನೇಯುತ್ತಾರೆ. ಹೊಸ ಕಂಬಳಿ ಚುಚ್ಚುತ್ತದೆ ಎಂದು ಮೂಗು ಮುರಿಯಬೇಡಿ. ಚುಚ್ಚುವ ಆ ಒರಟು ಎಳೆಗಳೇ ಗಾಳಿಯನ್ನು ಹಿಡಿದಿಡುವುದು. ಉಣ್ಣೆಗೆ ಇನ್ನೊಂದು ಗುಣವಿದೆ. ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಕುರಿಗಾಹಿಗಳು ಜಿಟಿಜಿಟಿ ಮಳೆಯಲ್ಲೂ ಕಂಬಳಿ ಕೊಪ್ಪೆ ಹಾಕಿಕೊಂಡು ನಿಲ್ಲುವುದು ಸುಮ್ಮನೆ ಅಲ್ಲ.

ಉತ್ತರ ಕರ್ನಾಟಕದ ಮನೆಗಳ ಕೌದಿಯಲ್ಲಿ ಉಣ್ಣೆಯೇ ಇಲ್ಲ. ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರ ಪದರವಾಗಿ ಹಾಸಿ ಕೈಯಲ್ಲೇ ಹೊಲಿದಿರುತ್ತಾರೆ. ಒಂದೊಂದು ಪದರದ ನಡುವೆಯೂ ಗಾಳಿ ಸಿಕ್ಕಿಕೊಂಡಿರುತ್ತದೆ. ಒಂದು ದಪ್ಪ ಅಂಗಿಗಿಂತ ಎರಡು ತೆಳು ಅಂಗಿಗಳು ಹೆಚ್ಚು ಬೆಚ್ಚಗೆ ಎನ್ನುವುದಕ್ಕೂ ಇದೇ ಕಾರಣ. ಕೌದಿಯನ್ನು ಅಜ್ಜಿ ಆಗಾಗ ಬಿಸಿಲಿಗೆ ಹರವಿ ಕೋಲಿನಿಂದ ಬಡಿಯುತ್ತಾರಲ್ಲ, ಆಗ ತೇವ ಆರುತ್ತದೆ, ಮೈ ಭಾರಕ್ಕೆ ಅಪ್ಪಚ್ಚಿಯಾದ ಪದರಗಳು ಮತ್ತೆ ಬಿಡಿಸಿಕೊಂಡು ಗಾಳಿ ತುಂಬಿಕೊಳ್ಳುತ್ತವೆ.

ಮುದುಡಿ ಮಲಗುವ ಲೆಕ್ಕ

ಚಳಿಯಲ್ಲಿ ನಾಯಿಮರಿಗಳು ಒಂದರ ಮೇಲೊಂದು ಬಿದ್ದು ಉಂಡೆಯಾಗಿ ಮಲಗುತ್ತವೆ. ನೀವೂ ಮೊಣಕಾಲನ್ನು ಎದೆಗೆ ಸೇರಿಸಿ ಮುದುಡಿಕೊಳ್ಳುತ್ತೀರಿ. ಇದು ಗಣಿತ. ಒಂದೇ ಅಳತೆಯ ಎಂಟು ಘನಗಳನ್ನು ಗಣಿತ ಕಿಟ್‌ನಿಂದ ತೆಗೆದುಕೊಳ್ಳಿ. ಒಂದು ಘನಕ್ಕೆ 6 ಮುಖ. ಎಂಟು ಬಿಡಿ ಘನಗಳಿಗೆ 48 ಮುಖ. ಈಗ ಅವನ್ನು ಕೆಳಗೆ ನಾಲ್ಕು, ಮೇಲೆ ನಾಲ್ಕು ಇಟ್ಟು ಒಂದು ದೊಡ್ಡ ಘನ ಮಾಡಿ. ಹೊರಗೆ ಕಾಣುವ ಪುಟ್ಟ ಮುಖಗಳನ್ನು ಎಣಿಸಿ. 24 ಮಾತ್ರ! ಘನಗಳು ಅಷ್ಟೇ ಇವೆ, ಗಾಳಿಗೆ ತೆರೆದ ಮೈ ಅರ್ಧವಾಯಿತು. ಉಷ್ಣ ಸೋರುವುದು ಹೊರಮೈಯಿಂದ. ಆದ್ದರಿಂದ ಅಣ್ಣ ತಂಗಿ ಒಂದೇ ಕೌದಿಯಲ್ಲಿ ಒತ್ತಿ ಮಲಗಿದರೆ ಇಬ್ಬರಿಗೂ ಲಾಭ. (ಕೌದಿ ಎಳೆದಾಟದ ಜಗಳಕ್ಕೆ ವಿಜ್ಞಾನದಲ್ಲಿ ಪರಿಹಾರವಿಲ್ಲ.)

ಪುಟ್ಟ ಮಗುವಿಗೆ ಬೇಗ ಚಳಿಯಾಗುವುದೂ ಇದೇ ಲೆಕ್ಕದಿಂದ. ದೇಹ ಚಿಕ್ಕದಾದಷ್ಟೂ ಅದರ ತೂಕಕ್ಕೆ ಹೋಲಿಸಿದರೆ ಹೊರಮೈ ಹೆಚ್ಚು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನೆಲದ ವಿಷಯ ಬೇಗ ಮುಗಿಸೋಣ. ಬೆಳಗ್ಗೆ ಕಡಪ ಕಲ್ಲಿನ ನೆಲಕ್ಕೆ ಕಾಲಿಟ್ಟರೆ ಚುರುಕ್ಕೆನ್ನುವಷ್ಟು ತಣ್ಣಗೆ, ಪಕ್ಕದ ಚಾಪೆ ಹಿತವಾಗಿರುತ್ತದೆ. ಆದರೆ ಎರಡರ ಉಷ್ಣತೆಯೂ ಬಹುಮಟ್ಟಿಗೆ ಒಂದೇ. ಕಲ್ಲು ನಿಮ್ಮ ಅಂಗಾಲಿನ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಚಾಪೆ ನಿಧಾನವಾಗಿ. ನಮ್ಮ ಚರ್ಮಕ್ಕೆ ತಿಳಿಯುವುದು ಬಿಸಿ ಎಷ್ಟು ವೇಗವಾಗಿ ಹೋಗುತ್ತಿದೆ ಎಂಬುದು. ಚರ್ಮವನ್ನು ಥರ್ಮಾಮೀಟರ್ ಎಂದು ನಂಬಬೇಡಿ.

ಕೋಣೆಯೊಳಗೆ ಕೆಂಡ ಬೇಡ

ಈಗ ಆ ಮುಖ್ಯ ವಿಷಯ. ಕಂಬಳಿಯಲ್ಲಿ ಗಾಳಿಯನ್ನು ಕಟ್ಟಿಹಾಕಿದರೆ ಬೆಚ್ಚಗಾಗುತ್ತದೆ, ಸರಿ. ಕೋಣೆಯ ಗಾಳಿಯನ್ನೂ ಹಾಗೆಯೇ ಕಟ್ಟಿಹಾಕೋಣ ಎಂದು ಕೆಲವರು ಕಿಟಕಿ ಬಾಗಿಲು ಭದ್ರಪಡಿಸಿ, ಬಾಗಿಲ ಕೆಳಗಿನ ಸಂದಿಗೂ ಗೋಣಿಚೀಲ ತುರುಕಿ, ಒಳಗೆ ಅಗ್ಗಿಷ್ಟಿಕೆಯಲ್ಲೋ ಕಬ್ಬಿಣದ ಬಾಣಲೆಯಲ್ಲೋ ಕೆಂಡ ಇಟ್ಟು ಮಲಗುತ್ತಾರೆ. ಬೆಳಗ್ಗೆ ಬಾಗಿಲು ತೆರೆಯುವುದೇ ಇಲ್ಲ. ನಮ್ಮ ದೇಶದಲ್ಲಿ ಚಳಿಗಾಲ ಬಂತೆಂದರೆ ಇಂತಹ ಸುದ್ದಿಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ.

ಏನಾಗುತ್ತದೆ? ಸೌದೆ, ಇದ್ದಿಲುಗಳಲ್ಲಿ ಇಂಗಾಲವಿದೆ. ಸಾಕಷ್ಟು ಆಮ್ಲಜನಕ ದೊರೆತಾಗ ಅದು ಉರಿದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಆಮ್ಲಜನಕ ಸಾಲದೆ ಹೋದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಬೂದಿ ಮುಚ್ಚಿ ನಿಧಾನವಾಗಿ ಬೇಯುವ ಕೆಂಡದಲ್ಲಿ ಇದು ಧಾರಾಳವಾಗಿ ಉತ್ಪತ್ತಿಯಾಗುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. "ಹೊಗೆ ಎಲ್ಲಾ ಹೋದ ಮೇಲೆ, ಬರೀ ಕೆಂಡ ಆದ ಮೇಲೆ ಒಳಗೆ ತಂದಿದ್ದೇವೆ" ಎಂದು ದೊಡ್ಡವರು ಸಮಾಧಾನ ಹೇಳುತ್ತಾರೆ. ಹೊಗೆ ಕಾಣುತ್ತದೆ, ಅದರಿಂದ ಓಡಿಹೋಗಬಹುದು. ಹೊಗೆಯಿಲ್ಲದ ಕೆಂಡ ಕೊಡುವ ಅನಿಲ ಕಾಣುವುದಿಲ್ಲ.

ರಕ್ತದಲ್ಲಿರುವ ಹೀಮೋಗ್ಲೋಬಿನ್ ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ದೇಹಕ್ಕೆಲ್ಲ ಹಂಚುತ್ತದೆ ಎಂದು ನಿಮಗೆ ಗೊತ್ತು. ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಕಾರ್ಬನ್ ಮಾನಾಕ್ಸೈಡನ್ನು ಹಿಡಿದುಕೊಳ್ಳುತ್ತದೆ. ಬಸ್ಸಿನ ಸೀಟುಗಳಲ್ಲೆಲ್ಲ ಇಳಿಯದ ಪ್ರಯಾಣಿಕರು ಕುಳಿತುಬಿಟ್ಟರೆ ನಿಲ್ದಾಣದಲ್ಲಿ ಕಾದವರ ಗತಿ ಏನು? ಹಾಗೆಯೇ ಆಮ್ಲಜನಕಕ್ಕೆ ಜಾಗ ಸಿಗುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು. ಎಚ್ಚರವಿದ್ದವರಿಗೆ ಏನೋ ಸರಿಯಿಲ್ಲ ಎಂದಾದರೂ ತಿಳಿದೀತು. ನಿದ್ದೆಯಲ್ಲಿದ್ದವರಿಗೆ ತಿಳಿಯುವುದೇ ಇಲ್ಲ. ಪಕ್ಕದಲ್ಲಿ ಒಂದು ಬಟ್ಟಲು ನೀರು ಇಟ್ಟರೆ ದೋಷ ಹೋಗುತ್ತದೆ ಎಂಬ ನಂಬಿಕೆ ಕೆಲವೆಡೆ ಇದೆ. ಕಾರ್ಬನ್ ಮಾನಾಕ್ಸೈಡ್ ನೀರಿನಲ್ಲಿ ಕರಗುವುದು ಅತ್ಯಲ್ಪ. ಆ ಬಟ್ಟಲಿನಿಂದ ಪ್ರಯೋಜನವಿಲ್ಲ.

ನನಗೆ ಹೆಚ್ಚು ಆತಂಕ ಇರುವುದು ಬಾಣಂತಿ ಕೋಣೆಯ ಬಗ್ಗೆ. ಮಗುವಿಗೆ ಶೀತವಾಗಬಾರದೆಂದು ಮುಚ್ಚಿದ ಚಿಕ್ಕ ಕೋಣೆಯಲ್ಲಿ ಕೆಂಡ ಇಡುವ ರೂಢಿ ಅನೇಕ ಊರುಗಳಲ್ಲಿದೆ. "ನಮ್ಮ ಕಾಲದಲ್ಲೂ ಇಡುತ್ತಿದ್ದೆವು, ಏನೂ ಆಗಲಿಲ್ಲ" ಎಂದು ಅಜ್ಜಿ ಹೇಳಬಹುದು. ಅಜ್ಜಿಯ ಕಾಲದ ಮನೆಗೆ ನಾಡಹೆಂಚಿನ ಮಾಡಿತ್ತು, ಹೆಂಚಿನ ಸಂದಿಗಳಿಂದ ಅನಿಲ ಒಂದಿಷ್ಟು ಹೊರಗೆ ಹೋಗುತ್ತಿತ್ತು. ಆಗಲೂ ಅದು ಪೂರ್ತಿ ಸುರಕ್ಷಿತವಾಗಿರಲಿಲ್ಲ. ಈಗಿನ ಆರ್.ಸಿ.ಸಿ. ಮನೆಯಲ್ಲಿ ಬಾಗಿಲು ಕಿಟಕಿ ಹಾಕಿದರೆ ಹೊರಗೆ ಹೋಗಲು ದಾರಿಯೇ ಇಲ್ಲ. ರೂಢಿ ಅದೇ, ಮನೆ ಬೇರೆ. ಅಜ್ಜಿಗೆ ಎದುರಾಡಿದಂತಾಗುತ್ತದೆ ಎಂದು ಸುಮ್ಮನಿರಬೇಡಿ. "ಅಜ್ಜಿ, ಪಾಪು ಬೆಚ್ಚಗಿರಲಿ. ಕೆಂಡ ಅಂಗಳದಲ್ಲೇ ಇರಲಿ, ಬಟ್ಟೆ ಅಲ್ಲಿ ಕಾಯಿಸಿ ಒಳಗೆ ತರೋಣ" ಎಂದು ಹೇಳಿ ನೋಡಿ. ಹಾಗೆ ಹೇಳಿದರೆ ಅಜ್ಜಿಗೆ ಬೇಸರವಾಗದು.

ಮಗುವಿಗೆ ಬೇಕಾದ ಒಲೆ ಅಮ್ಮನ ಮೈ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದ ಒಂದು ಆಸ್ಪತ್ರೆಯಲ್ಲಿ, ತೂಕ ಕಡಿಮೆಯಿರುವ ಶಿಶುಗಳನ್ನು ಬೆಚ್ಚಗಿಡುವ ಯಂತ್ರಗಳು ಸಾಲದೆ ಬಂದಾಗ, ವೈದ್ಯರು ಶಿಶುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿ ಮೇಲೆ ಬಟ್ಟೆ ಹೊದಿಸುವ ಕ್ರಮ ಆರಂಭಿಸಿದರು. ಕಾಂಗರೂ ತನ್ನ ಮರಿಯನ್ನು ಚೀಲದಲ್ಲಿಟ್ಟುಕೊಳ್ಳುವಂತೆ ಕಾಣುವುದರಿಂದ ಅದಕ್ಕೆ ಕಾಂಗರೂ ಆರೈಕೆ ಎಂದು ಹೆಸರಾಯಿತು. ಇಂದು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ ಇದನ್ನು ತಾಯಂದಿರಿಗೆ ಕಲಿಸುತ್ತಾರೆ. ತಾಯಿಯ 37 ಡಿಗ್ರಿ ಪುಟ್ಟ ಮೈಗೆ ನೇರವಾಗಿ ಸಿಗುತ್ತದೆ. ಮಗುವಿನ ತಲೆಗೆ ಕುಲಾವಿ ಇರಲಿ, ಮೂಗು ಬಾಯಿ ಮಾತ್ರ ಮುಚ್ಚಬಾರದು.

ಕಿಟಕಿಯಿಲ್ಲದ ಬಚ್ಚಲಿನ ಗ್ಯಾಸ್ ಗೀಸರ್‌ನಿಂದಲೂ ಇದೇ ಅಪಾಯ. ಗೀಸರ್ ಬಚ್ಚಲ ಹೊರಗೆ, ಗಾಳಿಯಾಡುವ ಕಡೆ ಇರಬೇಕು. ಮುಚ್ಚಿದ ಕೋಣೆಯಲ್ಲಿ ಯಾರಾದರೂ ಮಂಪರಿನಲ್ಲಿ ಬಿದ್ದಿರುವುದು ಕಂಡರೆ ಕೂಗಿ ದೊಡ್ಡವರನ್ನು ಕರೆಯಿರಿ. ಬಾಗಿಲು ಕಿಟಕಿಗಳನ್ನೆಲ್ಲ ತೆರೆಯಬೇಕು, ಅವರನ್ನು ಬೇಗ ಹೊರಗಿನ ಗಾಳಿಗೆ ತರಬೇಕು, 108ಕ್ಕೆ ಕರೆ ಮಾಡಬೇಕು. ನೀವು ಒಬ್ಬರೇ ಒಳಗೆ ಹೋಗಿ ನಿಲ್ಲಬೇಡಿ.

ಹೊಟ್ಟೆಗೆ ಸೌದೆ

ಒಳಗಿನ ಒಲೆಗೆ ಸೌದೆ ಹಾಕುವುದು ಚಳಿಗಾಲದ ಅತ್ಯಂತ ರುಚಿಯಾದ ಕೆಲಸ. ಉತ್ತರ ಕರ್ನಾಟಕದಲ್ಲಿ ಸಂಕ್ರಾಂತಿಯ ಹಿಂದಿನ ದಿನ, ಭೋಗಿಗೆ, ಎಳ್ಳು ಹಚ್ಚಿದ ಸಜ್ಜಿರೊಟ್ಟಿ. ದಕ್ಷಿಣದಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ ಸೇರಿದ ಎಳ್ಳುಬೆಲ್ಲ. ಎಳ್ಳಿನ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧ ಎಣ್ಣೆಯೇ. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಿಂದ ಸುಮಾರು 4 ಕಿಲೊಕ್ಯಾಲೊರಿ ಶಕ್ತಿ ಸಿಕ್ಕಿದರೆ, ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕಿಲೊಕ್ಯಾಲೊರಿ ಸಿಗುತ್ತದೆ. ಒಂದು ಹಿಡಿ ಎಳ್ಳುಬೆಲ್ಲ ಸಣ್ಣ ಸೌದೆ ಕಟ್ಟೇ ಸರಿ.

ಅವರೆಕಾಯಿ ಈ ದಿನಗಳಲ್ಲೇ ರಾಶಿ ರಾಶಿ ಬರುವುದಕ್ಕೂ ಕಾರಣವಿದೆ. ನಾಟಿ ಅವರೆ ಗಿಡ ಹಗಲಿನ ಉದ್ದವನ್ನು ಲೆಕ್ಕ ಹಾಕುತ್ತದೆ. ಹಗಲು ಕಿರಿದಾಗುತ್ತಾ ಬಂದಾಗ ಮಾತ್ರ ಹೂ ಬಿಡುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಉದ್ದಕ್ಕೆ ಕಾಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬ ತಳಿಗಳನ್ನು ಬಿಡುಗಡೆ ಮಾಡಿದ್ದಾರೆ. ಅವನ್ನು ವರ್ಷದ ಬೇರೆ ಕಾಲದಲ್ಲೂ ಬೆಳೆಯಬಹುದು. ಆದರೂ ಚಳಿಗಾಲದ ಜಗಲಿಯಲ್ಲಿ ಕಾಯಿ ಸುಲಿದು, ನೆನೆಸಿ, ಬೆರಳಿನಿಂದ ಸಿಪ್ಪೆ ಹಿತುಕಿ, "ನಂದು ನೂರಾಯ್ತು, ನಿಂದೆಷ್ಟು?" ಎಂದು ಎಣಿಸುವ ಸಂತೋಷ ಜೂನ್ ತಿಂಗಳಿನಲ್ಲಿ ಬರುತ್ತದೆಯೇ ಎಂಬುದು ನನ್ನ ಸಂಶಯ.

ಸ್ನಾನದ ಬಗ್ಗೆ ಒಂದು ಮಾತು. ಹಂಡೆಯ ಬಿಸಿನೀರು ಹೊಯ್ದುಕೊಳ್ಳುವಾಗ ಹಿತ, ನಿಲ್ಲಿಸಿದ ಕೂಡಲೇ ನಡುಕ. ಮೈಮೇಲಿನ ನೀರು ಆವಿಯಾಗಲು ಬೇಕಾದ ಉಷ್ಣವನ್ನು ನಿಮ್ಮ ಚರ್ಮದಿಂದಲೇ ತೆಗೆದುಕೊಳ್ಳುತ್ತದೆ. ಆದ್ದರಿಂದ ಬಚ್ಚಲಲ್ಲೇ ಮೈ ಒರೆಸಿಕೊಂಡು ಹೊರಗೆ ಬನ್ನಿ.

ಜಗಲಿಯ ಬಿಸಿಲು

ಇನ್ನು ಉಳಿದದ್ದು ಹೊಗೆಯಿಲ್ಲದ, ವಿಷವಿಲ್ಲದ ದೊಡ್ಡ ಕೆಂಡ. ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ವರ್ಷದಲ್ಲೇ ಅತಿ ಹತ್ತಿರ, ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿರುತ್ತದೆ. ಜುಲೈನಲ್ಲಿ ಸುಮಾರು 15.2 ಕೋಟಿ. ಹತ್ತಿರವಿದ್ದರೂ ನಮಗೆ ಚಳಿ! ಭೂಮಿಯ ಅಕ್ಷ ಓರೆಯಾಗಿರುವುದರಿಂದ ಈಗ ನಮ್ಮ ಉತ್ತರ ಗೋಳಾರ್ಧಕ್ಕೆ ಬಿಸಿಲು ಓರೆಯಾಗಿ, ಕಡಿಮೆ ಹೊತ್ತು ಬೀಳುತ್ತದೆ. ಡಿಸೆಂಬರ್ 21ರ ನಡುಹಗಲಿನಲ್ಲಿ ಬೆಂಗಳೂರಿನಲ್ಲಿ ಸೂರ್ಯ ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಿದ್ದರೆ, ಬೀದರಿನಲ್ಲಿ ಸುಮಾರು 49 ಡಿಗ್ರಿ ಮಾತ್ರ. ರಾತ್ರಿ ಮೋಡವಿಲ್ಲದಿದ್ದರೆ ನೆಲದ ಬಿಸಿ ವಿಕಿರಣದ ಮೂಲಕ ಆಕಾಶಕ್ಕೆ ಸೋರಿಹೋಗುತ್ತದೆ. ಮೋಡ ಭೂಮಿಯ ಕಂಬಳಿ ಎಂದು ತಿಳಿಯಿರಿ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್, 1884ರ ಜನವರಿ 13ರಂದು.

ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ನಮಗೊಂದು ಉಪಕಾರವೂ ಆಗಿದೆ. ಬೇಸಿಗೆಯಲ್ಲಿ ತಲೆಯ ಮೇಲೆ ನಿಂತು ಹೊಸಿಲನ್ನೂ ದಾಟದ ಬಿಸಿಲು, ಈಗ ದಕ್ಷಿಣದ ಬಾಗಿಲು, ಕಿಟಕಿಗಳ ಮೂಲಕ ಮನೆಯೊಳಗೇ ಬಂದು ಮಲಗುತ್ತದೆ. ಬೆಕ್ಕು ಅದನ್ನು ನಿಮಗಿಂತ ಮೊದಲೇ ಕಂಡುಹಿಡಿದಿರುತ್ತದೆ.

ಮಾಡಿ ನೋಡಿ: ಡಿಸೆಂಬರ್ ಮೊದಲ ಭಾನುವಾರದಿಂದ ಪ್ರತಿ ಭಾನುವಾರ ಮಧ್ಯಾಹ್ನ ಸರಿಯಾಗಿ ಹನ್ನೆರಡೂವರೆಗೆ, ಒಳಗೆ ಬಿದ್ದ ಬಿಸಿಲಿನ ಅಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆದು ತಾರೀಖು ಬರೆಯಿರಿ. ದಕ್ಷಿಣಕ್ಕೆ ಬಾಗಿಲು, ಕಿಟಕಿ ಇಲ್ಲದವರು ಶಾಲೆಯ ಧ್ವಜಕಂಬದ ನೆರಳಿನ ತುದಿಯನ್ನು ಗುರುತಿಸಿದರೂ ಆಗುತ್ತದೆ. ಗೆರೆ ಎಷ್ಟು ವಾರ ಮುಂದಕ್ಕೆ ಹೋಯಿತು, ಯಾವ ವಾರದಿಂದ ಹಿಂದಕ್ಕೆ ಸರಿಯತೊಡಗಿತು? ಅದು ಸಂಕ್ರಾಂತಿಯ ನಂತರವೋ, ಅದಕ್ಕೂ ಮೊದಲೋ? ಫೆಬ್ರವರಿ ಕೊನೆಯವರೆಗೆ ಗುರುತು ಹಾಕಿ, ಪಟ್ಟಿಯನ್ನು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ. ನೆಲ ಸಾರಿಸುವವರಿಗೆ ಮೊದಲೇ ಹೇಳಿಡಿ, ಗೆರೆ ಅಳಿಸಿಹೋದೀತು.